ನೆರಳನ್ನು ಯಾವ ಕಡೆ ಬರೆಯೋದು?

ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಏಳು ಮಕ್ಕಳು ನಮ್ಮ ಮನೆಗೆ ಬರುತ್ತಾರೆ. ಒಂದು ಪುಸ್ತಕ ಹಿಡಿದು ಸ್ವಲ್ಪ ಸ್ವಲ್ಪವಾಗಿ ಕನ್ನಡದಲ್ಲಿ ಕಥೆ ಹೇಳುತ್ತೇನೆ. ಈ ಸಲ ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ'. 1968ರ ಪುಸ್ತಕ. ದ್ವೀಪಗಳು, ಡ್ರ್ಯಾಗನ್, ಮಾಂತ್ರಿಕರ ಶಾಲೆ, ಎಲ್ಲಾ ಇದೆ. ಮಾಂತ್ರಿಕ ವಿದ್ಯೆ ಕಲಿಯುವ ಗೆಡ್ ಅನ್ನೋ ಹುಡುಗ ಕಥಾನಾಯಕ.

ಪಾತ್ರಗಳ ಬಗ್ಗೆ ಮಾತಾಡಿಸೋಣ ಅಂತ ಬೋರ್ಡಿನ ಮೇಲೆ ಗೆರೆ ಎಳೆದೆ. ಎಡಕ್ಕೆ ಒಳ್ಳೆಯವರು, ಬಲಕ್ಕೆ ಕೆಟ್ಟವರು. ಗುರು ಓಗಿಯನ್, ಗೆಳೆಯ ವೆಚ್ ಎಡಕ್ಕೆ ಹೋದರು. ಚುಚ್ಚಿ ಮಾತಾಡುವ ಜಾಸ್ಪರ್ ಬಲಕ್ಕೆ. ಆಮೇಲೆ ಸಿಕ್ಕಿಹಾಕಿಕೊಂಡೆವು. ಜಾಸ್ಪರ್ ಮುಂದೆ ಜಂಬ ತೋರಿಸಲು ಗೆಡ್ ಸತ್ತವಳ ಆತ್ಮವನ್ನು ಕರೆಯುತ್ತಾನೆ. ಅದರ ಹಿಂದೆಯೇ ಒಂದು ನೆರಳು ನುಗ್ಗಿ ಅವನ ಮುಖ ಪರಚುತ್ತದೆ. ಅದು ಬಂದ ಬಿರುಕನ್ನು ಮುಚ್ಚಿದ ಮುದಿ ಮಹಾಮಾಂತ್ರಿಕ ಸಾಯುತ್ತಾನೆ.

ಚಾಕ್‌ಪೀಸ್ ಹಿಡಿದಿದ್ದ ಐದನೇ ಕ್ಲಾಸಿನ ಹುಡುಗಿ ನಿಂತೇಬಿಟ್ಟಳು. "ಆಂಟಿ, ನೆರಳನ್ನ ಯಾವ ಕಡೆ ಬರೀಲಿ? ಕರೆದಿದ್ದು ಗೆಡ್ ಅಲ್ವಾ?"

"ಹಂಗಾದ್ರೆ ಗೆಡ್‌ನೂ ಆ ಕಡೆ ಹಾಕು," ಅಂದ ಇನ್ನೊಬ್ಬ. ಜಗಳ ಶುರುವಾಯಿತು. ನಾನು ಸುಮ್ನೆ ಬೋರ್ಡ್ ಒರೆಸಿದೆ.

ಮುಂದಿನ ವಾರ ಹೆಸರಿನಿಂದ ಶುರುಮಾಡಿದೆ. ಆ ಲೋಕದಲ್ಲಿ ಒಬ್ಬರ ನಿಜ ಹೆಸರು ಗೊತ್ತಾದರೆ ಅವರು ನಿಮ್ಮ ಕೈಯಲ್ಲಿ. ಅದಕ್ಕೇ ಎಲ್ಲರಿಗೂ ಕರೆಯುವ ಹೆಸರು ಬೇರೆ ಇರುತ್ತದೆ. ಗೆಡ್‌ನದು ಒಂದು ಹಕ್ಕಿಯ ಹೆಸರು, ನಾನು 'ಗಿಡುಗ' ಅಂದುಕೊಂಡೆ. ನಮ್ಮಲ್ಲೂ ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಉಸುರುತ್ತಾರಲ್ಲ, ಅದನ್ನು ನೆನಪಿಸಿದೆ. ಮನೆಯಲ್ಲಿ ನಿಮ್ಮನ್ನು ಏನಂತ ಕರೀತಾರೆ ಅಂತ ಕೇಳಿದೆ. ಚಿನ್ನು, ಪುಟ್ಟಿ, ಬಂಗಾರಿ ಎಲ್ಲಾ ಹೊರಬಂದವು. ಒಬ್ಬ ಹುಡುಗ ಮಾತ್ರ ಬಾಯಿ ಬಿಡಲಿಲ್ಲ. ಕೊನೆಗೆ ಪಕ್ಕದವನ ಕಿವಿಯಲ್ಲಷ್ಟೇ ಹೇಳಿದ. ವೆಚ್ ತನ್ನ ನಿಜ ಹೆಸರನ್ನು ಗೆಡ್‌ಗೆ ಹೇಳುವ ಪುಟವನ್ನು ಆಗ ಓದಿದೆ. ಯಾರೂ ಕಿಸಕ್ ಅನ್ನಲಿಲ್ಲ.

ಚಿತ್ರ ಬರೆಯಲು ಕೊಟ್ಟಾಗ ಎಲ್ಲರೂ ಗೆಡ್‌ನನ್ನು ಬೆಳ್ಳಗೆ ಬರೆದರು. ಪುಸ್ತಕದಲ್ಲಿ ಅವನದು ಕೆಂಪು ಕಂದು ಮೈಬಣ್ಣ, ವೆಚ್ ಇನ್ನೂ ಕಪ್ಪು. ಮಕ್ಕಳನ್ನೇನು ಬೈಯೋದು, ಮುಖಪುಟಗಳಲ್ಲೇ ಅವನನ್ನು ಬೆಳ್ಳಗೆ ಮಾಡಿದ್ದಕ್ಕೆ ಲೇಖಕಿ ಬೇಸರಪಟ್ಟಿದ್ದರು.

ಕೊನೆಯ ಅಧ್ಯಾಯಕ್ಕೆ ಮುಂಚೆ, ನೆರಳಿನ ಹೆಸರೇನಿರಬಹುದು ಅಂತ ಚೀಟಿ ಬರೆಸಿದೆ. ನಾಲ್ಕರಲ್ಲಿ 'ಜಾಸ್ಪರ್', ಒಂದು ಖಾಲಿ, ಎರಡರಲ್ಲಿ 'ಗೆಡ್'. ಓದಿ ಮುಗಿಸಿದೆ. ಗೆಡ್ ನೆರಳನ್ನು ತನ್ನದೇ ಹೆಸರಿನಿಂದ ಕರೆದು ತಬ್ಬಿಕೊಂಡ.

"ಅಷ್ಟೇನಾ? ಫೈಟಿಂಗೇ ಇಲ್ವಾ?" ಅಂತ ಒಬ್ಬ ಮುಖ ಊದಿಸಿಕೊಂಡು ಚಪ್ಪಲಿ ಹಾಕಿಕೊಂಡ.