ಟಾಡ್‌ಮರ್ಡನ್ ಕಡೆ ಕಲ್ಲುಮನೆ, ಮ್ಯಾಂಚೆಸ್ಟರಿನಲ್ಲಿ ಕೆಲಸ

ಮ್ಯಾಂಚೆಸ್ಟರಿನ ಒಳಗೆ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತಿಂಗಳಿಗೆ 1,200–1,300 ಪೌಂಡ್ ಬಾಡಿಗೆ. ಪಕ್ಕದ ಯಾರ್ಕ್‌ಷೈರಿನ ಕ್ಯಾಲ್ಡರ್ ಕಣಿವೆಯ ಟಾಡ್‌ಮರ್ಡನ್, ವಾಲ್ಸ್‌ಡೆನ್ ಕಡೆಗೆ ಹೋದರೆ ಅಷ್ಟೇ ಜಾಗದ ಕಲ್ಲಿನ ಸಾಲುಮನೆ ಒಂದೂವರೆ ಲಕ್ಷ ಪೌಂಡ್ ಆಸುಪಾಸಿಗೆ ಸ್ವಂತಕ್ಕೇ ಸಿಗುತ್ತದೆ. ಅಲ್ಲಿಂದ ಮ್ಯಾಂಚೆಸ್ಟರಿನ ವಿಕ್ಟೋರಿಯಾ ಸ್ಟೇಷನ್ನಿಗೆ ರೈಲಿನಲ್ಲಿ ಅರ್ಧ ಗಂಟೆ. ಈ ಲೆಕ್ಕ ನಮ್ಮವರಿಗೆಲ್ಲ ಗೊತ್ತು, ಆದರೂ ಯಾರೂ ಹೋಗುವುದಿಲ್ಲ. "ಡ್ಯಾಂಪ್ ಮನೆ ಕಣ್ರೀ, ಗೋಡೆಯೆಲ್ಲ ಒದ್ದೆ, ಹೊಳೆ ಬೇರೆ ನುಗ್ಗುತ್ತೆ, ರೈಲಂತೂ ಕೇಳಲೇಬೇಡಿ" ಎಂದು ನನಗೂ ಹೇಳಿದವರು ಬಹಳ. ಎರಡು ಚಳಿಗಾಲ ಕಳೆದಿದೆ, ಗೋಡೆ ಒಣಗಿದೆ, ತಿಂಗಳ ಖರ್ಚು ಇಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮಾರ್ಟ್‌ಗೇಜ್, ಸಾಲಿಸಿಟರ್ ವಿಚಾರ ನಿಮಗೆ ಗೊತ್ತಿರುವುದರಿಂದ ಅದನ್ನೆಲ್ಲ ಬಿಟ್ಟಿದ್ದೇನೆ.

ಮನೆ ನೋಡಲು ಹೋದಾಗ ಮೊದಲು ಕಣ್ಣು ಹಾಯಿಸಬೇಕಾದದ್ದು ಪ್ಲಗ್ ಪಾಯಿಂಟುಗಳ ಮೇಲೆ. ಈ ಕಣಿವೆಯಲ್ಲಿ 2015ರ ಡಿಸೆಂಬರ್ 26ಕ್ಕೆ ದೊಡ್ಡ ನೆರೆ ಬಂತು, 2020ರ ಫೆಬ್ರುವರಿಯಲ್ಲಿ ಮತ್ತೆ ಬಂತು. ನೀರು ಕಂಡ ಮನೆಯ ಕೆಳ ಅಂತಸ್ತಿನಲ್ಲಿ ಪ್ಲಗ್ ಪಾಯಿಂಟುಗಳು ಸೊಂಟದ ಎತ್ತರದಲ್ಲಿರುತ್ತವೆ, ಹಾಲಿನಲ್ಲಿ ಕಾರ್ಪೆಟ್ ಇಲ್ಲದೆ ಟೈಲ್ಸ್ ಇರುತ್ತದೆ, ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಹಲಗೆ ಇಳಿಸುವ ಅಲ್ಯೂಮಿನಿಯಂ ಚಾನೆಲ್ ಕಾಣುತ್ತದೆ. ಏಜೆಂಟ್ ಏನೇ ಹೇಳಲಿ, ಇವು ಸುಳ್ಳು ಹೇಳುವುದಿಲ್ಲ. ಸರ್ಕಾರದ ನಕ್ಷೆಯಲ್ಲಿ ಹೊಳೆಯ ನೆರೆಗೆ ಒಂದು ಪದರ, ಮಳೆನೀರು ಹರಿದು ನುಗ್ಗುವುದಕ್ಕೆ ಇನ್ನೊಂದು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ. ಇಲ್ಲಿ ಎರಡನೆಯದೂ ಅಷ್ಟೇ ಮುಖ್ಯ: ಗುಡ್ಡದಿಂದ ಇಳಿಯುವ ತೊರೆಗಳನ್ನು ಹಳೆಯ ಹತ್ತಿ ಗಿರಣಿಗಳ ಕಾಲದಲ್ಲಿ ರಸ್ತೆಯಡಿಯ ಕಾಲುವೆಗೆ ತುರುಕಿದ್ದಾರೆ, ಕಸ ಕಟ್ಟಿದರೆ ನೀರು ರಸ್ತೆಗೇ ಬರುತ್ತದೆ. 2009ಕ್ಕೆ ಮುಂಚೆ ಕಟ್ಟಿದ ಮನೆಗೆ ನೆರೆ ವಿಮೆಯ ಹೊರೆ ಹಂಚಿಕೊಳ್ಳುವ ಫ್ಲಡ್ ರೀ ಯೋಜನೆಯಿಂದಾಗಿ ವಿಮೆ ಸಿಗುತ್ತದೆ, ನಿಜ. ವಿಮೆ ಸಿಕ್ಕಿತೆಂದು ತಗ್ಗಿನ ಮನೆ ಕೊಳ್ಳುವುದು ಜಾಣತನವಲ್ಲ.

ಹಾಗೆಂದು ತೀರಾ ಗುಡ್ಡಕ್ಕೆ ಒರಗಿದ್ದೂ ಬೇಡ. ಹೆಬ್ಡನ್ ಬ್ರಿಡ್ಜ್‌ನಿಂದ ಈಚೆಗೆ ಇಳಿಜಾರಿನಲ್ಲಿ ಒಂದರ ಮೇಲೊಂದು ಎರಡು ಮನೆ ಕಟ್ಟಿರುತ್ತಾರೆ: ಕೆಳಮನೆಯ ಬಾಗಿಲು ಕೆಳರಸ್ತೆಗೆ, ಮೇಲ್ಮನೆಯದು ಮೇಲ್ರಸ್ತೆಗೆ. ಕೆಳಮನೆಯ ಹಿಂಗೋಡೆಯ ಆಚೆ ಇರುವುದು ಬರೀ ಮಣ್ಣು. ಆ ತೇವಕ್ಕೆ ಕೆಳಗೆ ಹೇಳುವ ಯಾವ ಉಪಾಯವೂ ನಡೆಯುವುದಿಲ್ಲ. ಅದಲ್ಲದೆ ಹಕ್ಕುಪತ್ರದ ತೊಡಕಿಗೆ ಎಷ್ಟೋ ಬ್ಯಾಂಕು ಸಾಲವನ್ನೂ ಕೊಡುವುದಿಲ್ಲ. ಇನ್ನೊಂದು: ಡಿಸೆಂಬರಿನಲ್ಲಿ ಮಧ್ಯಾಹ್ನ 12ಕ್ಕೆ ಹೋಗಿ ನಿಂತು ನೋಡಿ. ಗುಡ್ಡದ ನೆರಳಿನ ಬದಿಗೆ ವಾರಗಟ್ಟಲೆ ಬಿಸಿಲು ಬೀಳುವುದಿಲ್ಲ. ಮಾಡಿನ ಕಲ್ಲುಹಂಚಿನ ಮೇಲೆ ದಪ್ಪ ಪಾಚಿ ಇದ್ದರೆ ಬೇಸಿಗೆಯಲ್ಲೂ ಅದು ತಿಳಿಯುತ್ತದೆ.

ಈಗ ಡ್ಯಾಂಪ್. ಕೊಳ್ಳುವ ಮುನ್ನ ಮನೆ ಪರೀಕ್ಷಿಸುವ ಸರ್ವೇಯರ್ ತೇವ ಅಳೆಯುವ ಎರಡು ಮುಳ್ಳಿನ ಮೀಟರ್ ಚುಚ್ಚುತ್ತಾನೆ, ಕೆಂಪು ದೀಪ ಹತ್ತುತ್ತದೆ. ಆ ಮೀಟರ್ ಮರಕ್ಕೆಂದು ಹೊಂದಿಸಿದ್ದು; ಗೋಡೆಯಲ್ಲಿ ಉಪ್ಪಿನಂಶ ಇದ್ದರೂ ಕೆಂಪೇ ತೋರಿಸುತ್ತದೆ. ಆಮೇಲೆ "ಉಚಿತ ತಪಾಸಣೆ"ಯವರು ಬಂದು ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬಿಸಲು 2,000 ಪೌಂಡ್ ಹತ್ತಿರ ಕೇಳುತ್ತಾರೆ. ನಾನು ಕೊಂಡ ಮನೆಯಲ್ಲಿ ಹಿಂದಿನವರು ಅದನ್ನು ಆಗಲೇ ಮಾಡಿಸಿದ್ದರು. ತೂತಿನ ಸಾಲು ಕಾಣುತ್ತಿತ್ತು, ಅದರ ಮೇಲೆಯೇ ಒದ್ದೆ.

ಕಾರಣ ಸರಳ. ಈ ಮನೆಗಳು ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ನಮ್ಮೂರ ಹಳೆಯ ತೊಟ್ಟಿಮನೆಗೆ ಸಿಮೆಂಟ್ ಬಳಿದರೆ ಆಗುವುದೇ ಇಲ್ಲೂ ಆಗಿರುತ್ತದೆ: ಕಲ್ಲಿನ ಸಂದಿಗೆ ಯಾರೋ ಸಿಮೆಂಟ್ ತುಂಬಿರುತ್ತಾರೆ, ಒಳಹೊಕ್ಕ ಮಳೆನೀರಿಗೆ ಹೊರದಾರಿ ಇಲ್ಲ. ಸಿಮೆಂಟ್ ಎಬ್ಬಿಸಿ ಮತ್ತೆ ಸುಣ್ಣ ತುಂಬುವುದೇ ಮದ್ದು.

ಆದರೆ ಸಂದಿಗೆ ಕೈ ಹಾಕುವ ಮೊದಲು ಮಾಡಿನ ನೀರು ಹಿಡಿಯುವ ಗಟರ್ ನೋಡಬೇಕು. ಯಾರ್ಕ್‌ಷೈರ್ ಕಡೆಯ ಹಳೇ ಮನೆಗಳಿಗೆ ಮರದ ಗಟರ್. ಮರವನ್ನೇ ದೋಣಿಯಂತೆ ಕೊರೆದು ಕಲ್ಲಿನ ಚಾಚುಗಳ ಮೇಲೆ ಕೂರಿಸಿರುತ್ತಾರೆ. ಎರಡು ತುಂಡು ಸೇರುವಲ್ಲಿ ಕೊಳೆತು ನೀರು ಗೋಡೆ ಹಿಡಿದು ಇಳಿಯುತ್ತದೆ. ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ನಿಂತು ನೋಡುವುದೇ ಪರೀಕ್ಷೆ. ಬದಲಾಯಿಸಲು 400 ಪೌಂಡ್ ಚಿಲ್ಲರೆ ಆಯಿತು, ಒಳಗಿನ ಒದ್ದೆಯಲ್ಲಿ ಅರ್ಧ ಇದರಲ್ಲೇ ಹೋಯಿತು.

ಸಂದಿಯ ಕೆಲಸ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ. 5 ಡಿಗ್ರಿಗಿಂತ ಕೆಳಗೆ ಸುಣ್ಣ ಹಿಡಿಯುವುದಿಲ್ಲ, ಹಿಮ ಬಿದ್ದರೆ ಪುಡಿಪುಡಿ. ಸಿಮೆಂಟನ್ನು ಸುತ್ತಿಗೆ, ಸಣ್ಣ ಉಳಿಯಿಂದಲೇ ಎಬ್ಬಿಸಬೇಕು. ಗ್ರೈಂಡರ್ ಹಿಡಿದರೆ ಕಲ್ಲಿನ ಅಂಚು ಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. 25 ಮಿಲಿಮೀಟರ್ ಆಳ ತೆಗೆದು, ದೂಳು ಗುಡಿಸಿ, ಚೆನ್ನಾಗಿ ನೀರು ಕುಡಿಸಿ. ಎನ್‌ಎಚ್‌ಎಲ್ 3.5 ಎಂಬ, ನೀರು ತಾಗಿ ಗಟ್ಟಿಯಾಗುವ ಸುಣ್ಣ ಒಂದು ಪಾಲು, ಒರಟು ಮರಳು ಎರಡೂವರೆ ಪಾಲು; ಉಂಡೆ ಕಟ್ಟಿದರೆ ನಿಲ್ಲುವಷ್ಟೇ ನೀರು. ಒಳಕ್ಕೆ ಒತ್ತಿ ತುಂಬಿ, ಬೆರಳಿಗೆ ಅಂಟದಷ್ಟು ಬಿಗಿಯಾದ ಮೇಲೆ ಗಡಸು ಬ್ರಶ್ಶಿನಿಂದ ಬಡಿಯಬೇಕು, ಉಜ್ಜಬಾರದು. ಉಜ್ಜಿದರೆ ಮೇಲ್ಮೈ ನುಣುಪಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಒದ್ದೆ ಗೋಣಿತಾಟು ಇಳಿಬಿಟ್ಟು ಮೂರು-ನಾಲ್ಕು ದಿನ ನೀರು ಚಿಮುಕಿಸುತ್ತಿರಬೇಕು. ಗಾರೆಯ ಬಣ್ಣ ಹಳೆಯದಕ್ಕೆ ಹೊಂದಿಸಲು ಒಂದು ಪುಡಿ ಸೇರಿಸುತ್ತೇನೆ. ಅದು ಯಾವುದೆಂದು ಬೀದಿಯ ಕೊನೆಯ ಮನೆಯವರೂ ಕೇಳಿ ಸೋತಿದ್ದಾರೆ, ಇಲ್ಲೂ ಬರೆಯುವುದಿಲ್ಲ.

ಮೇಸ್ತ್ರಿಗಳು ಚದರ ಮೀಟರಿಗೆ 60ರಿಂದ 80 ಪೌಂಡ್ ಕೇಳಿದ್ದರು. ಕೈಗೆಟುಕುವಷ್ಟು ಎತ್ತರ ನಾವೇ ಮಾಡಿಕೊಂಡರೆ ಸುಣ್ಣ, ಮರಳು, ಉಳಿ ಎಲ್ಲ ಸೇರಿ 250 ಪೌಂಡ್ ಒಳಗೆ.

ಉಳಿದ ತೇವ ಹುಟ್ಟುವುದು ಒಳಗೇ. ಅಡುಗೆಮನೆಯ ಒಲೆಯ ಮೇಲೆ ಹೊಗೆ ಎಳೆಯುವ ಹುಡ್ ಇಂಗಾಲದ ಫಿಲ್ಟರಿನದಾದರೆ ಒಗ್ಗರಣೆಯ ವಾಸನೆಯನ್ನು ಒಂದಿಷ್ಟು ಹಿಡಿಯುತ್ತದೆ, ಕುಕ್ಕರಿನ ಹಬೆಯನ್ನು ವಾಪಸ್ ಮುಖಕ್ಕೇ ಊದುತ್ತದೆ. ಹೊರಕ್ಕೆ ಪೈಪು ಬೇಕೇ ಬೇಕು. 150 ಮಿಲಿಮೀಟರಿನ ತೂತು ಕೊರೆಯುವವರಿಗೆ ಮೊದಲೇ ಹೇಳಿ: ಅರ್ಧ ಮೀಟರ್ ದಪ್ಪದ ಈ ಗೋಡೆಯ ನಡುವೆ ಬರೀ ಕಲ್ಲುಚೂರು ತುಂಬಿರುತ್ತದೆ, ಕೊರೆಯುವ ಬಿಟ್ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಚೂರು ಉದುರಿ ತೂತು ಮುಚ್ಚುತ್ತದೆ. ಹೊರಗಿನಿಂದಲೂ ಒಳಗಿನಿಂದಲೂ ಕೊರೆದು ಕೂಡಲೇ ಪೈಪು ತೂರಿಸಿಬಿಡಬೇಕು. ಒಗೆದ ಬಟ್ಟೆಯ ಒಂದು ಲೋಡಿನಿಂದ ಎರಡು ಲೀಟರ್ ನೀರು ಗಾಳಿಗೆ ಸೇರುತ್ತದೆ; ಕೋಣೆ ಕಾಯಿಸುವ ರೇಡಿಯೇಟರ್ ಮೇಲೆ ಹರವುವುದನ್ನು ಬಿಟ್ಟರೆ ಕಿಟಕಿಯ ಕರಿ ಬೂಷ್ಟು ತಾನೇ ನಿಲ್ಲುತ್ತದೆ. ಬಟ್ಟೆಯನ್ನು ಸಣ್ಣ ಕೋಣೆಯಲ್ಲಿ ಹರವಿ, ಬಾಗಿಲು ಮುಚ್ಚಿ, ಗಾಳಿಯ ತೇವ ಎಳೆಯುವ ಡೀಹ್ಯೂಮಿಡಿಫೈಯರ್ ಇಡಿ. ಕಂಪ್ರೆಸರಿನದು 15 ಡಿಗ್ರಿಗಿಂತ ತಣ್ಣಗಿರುವ ಕೋಣೆಯಲ್ಲಿ ಹೆಚ್ಚು ಎಳೆಯುವುದಿಲ್ಲ. ತೇವ ಹೀರುವ ವಸ್ತು ಒಳಗಿರುವ ಡೆಸಿಕೆಂಟ್ ಬಗೆಯದೇ ಬೇಕು. ಕರೆಂಟು ಒಂದು ಲೋಡಿಗೆ 50–60 ಪೆನ್ಸ್ ತಿನ್ನುತ್ತದೆ, ಆದರೆ ಅದರ ಬಿಸಿ ಮನೆಯಲ್ಲೇ ಉಳಿಯುತ್ತದೆ.

ಇದರ ನಡುವೆ ಬಾಯ್ಲರಿನ ಮೇಲೂ ಒಂದು ಪ್ರಯೋಗ ನಡೆಯಿತು. ಕಾಂಬಿ ಬಾಯ್ಲರಿನಿಂದ ರೇಡಿಯೇಟರಿಗೆ ಹೋಗುವ ನೀರನ್ನು 75 ಡಿಗ್ರಿಯಿಂದ 55ಕ್ಕೆ ಇಳಿಸಿ, ಉರಿಯುವ ಹೊತ್ತು ಹೆಚ್ಚಿಸಿದರೆ ಗೋಡೆ ಒಂದೇ ಸಮ ಬೆಚ್ಚಗಿರುತ್ತದೆ. ಗ್ಯಾಸಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಉಳಿಯಿತು. ಇಡ್ಲಿ ಹಿಟ್ಟನ್ನು ಬಾಯ್ಲರ್ ಕಪಾಟಿನಲ್ಲಿಟ್ಟರೆ ಉಬ್ಬಲಿಲ್ಲ. ಕಾಂಬಿಗೆ ಬಿಸಿನೀರಿನ ಟ್ಯಾಂಕೇ ಇಲ್ಲವಲ್ಲ! ಓವನ್ನಿನ ದೀಪ ಹಾಕಿ ಒಳಗಿಟ್ಟರೆ ಸರಿಯಾಗುತ್ತದೆ.

ರೈಲಿಗೆ ಬಂದರೆ, ವಾರಕ್ಕೆ ಎರಡು ದಿನ ಆಫೀಸಿನವರಿಗೆ ವರ್ಷದ ಸೀಸನ್ ಟಿಕೆಟ್ ದಂಡ. ಅದರ ಬೆಲೆ 40 ವಾರದ ಟಿಕೆಟ್ಟಿಗೆ ಸಮ, ಅಂದರೆ ದಿನಾ ಹೋಗುವವರಿಗೆ ಮಾಡಿದ್ದು. ಫ್ಲೆಕ್ಸಿ ಸೀಸನ್ನಿನಲ್ಲಿ 28 ದಿನಕ್ಕೆ ಒಂದೊಂದು ದಿನದ 8 ಪಾಸು. ಎಂಟೂ ಬಳಸಿದರೆ ಮಾತ್ರ ಲಾಭ. ರಜೆ ಬಂದು ಆರೇ ಬಳಸಿದರೆ ಉಳಿದೆರಡು ಹೋದಂತೆಯೇ. ನನಗೆ ಗಿಟ್ಟಿದ್ದು ಜನಸಂದಣಿ ಇಲ್ಲದ ಹೊತ್ತಿನ, ಅಂದರೆ ಆಫ್-ಪೀಕ್, ದಿನದ ಟಿಕೆಟ್: ಬೆಳಿಗ್ಗೆ ಒಂಬತ್ತೂವರೆಯ ನಂತರ ಹೊರಟು, ಸಂಜೆ 4:01ರಿಂದ 6:29ರ ನಡುವಿನ ರೈಲು ಬಿಡಬೇಕು. 6:30 ದಾಟಿದ ಮೊದಲ ರೈಲು ಹಿಡಿಯಲು ಆಫೀಸಿನಲ್ಲಿ ಹೊತ್ತು ಹೊಂದಿಸಿಕೊಂಡರೆ ಆಯಿತು. ಟಿಕೆಟ್ಟನ್ನು ನಡುವಿನ ಒಂದು ಸ್ಟೇಷನ್ನಿನವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಒಂದು ಎಂದು ತುಂಡು ಮಾಡಿಯೂ ಕೊಳ್ಳಬಹುದು. ರೈಲು ಆ ಸ್ಟೇಷನ್ನಿನಲ್ಲಿ ನಿಲ್ಲುತ್ತಿದ್ದರೆ ಅದು ಕಾನೂನುಬದ್ಧ. ವಾಲ್ಸ್‌ಡೆನ್ ಪಶ್ಚಿಮ ಯಾರ್ಕ್‌ಷೈರಿನ ಕೊನೆಯ ಸ್ಟೇಷನ್, ಲಿಟಲ್‌ಬರೊ ಗ್ರೇಟರ್ ಮ್ಯಾಂಚೆಸ್ಟರಿನ ಮೊದಲನೆಯದು. ಎಲ್ಲಿ ತುಂಡು ಮಾಡಬೇಕೆಂಬುದಕ್ಕೆ ಸುಳಿವು ಇಷ್ಟು ಸಾಕು. ಈ ಎರಡರ ನಡುವೆ 1841ರ ಸಮ್ಮಿಟ್ ಸುರಂಗವಿದೆ, ಅದರೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಫೋನಿನ ಟಿಕೆಟ್ ಮೊದಲೇ ತೆರೆದಿಟ್ಟುಕೊಂಡಿರಿ.

ರೈಲು 15 ನಿಮಿಷ ತಡವಾದರೆ ಆ ಒಂದು ಕಡೆಯ ಪ್ರಯಾಣದ ದರದಲ್ಲಿ ಕಾಲು ಭಾಗ, ಅರ್ಧ ಗಂಟೆಗೆ ಅರ್ಧ, ಒಂದು ಗಂಟೆಗೆ ಪೂರ್ತಿ ವಾಪಸ್. ಮುಂದಿನ ರೈಲಿನಲ್ಲಿ ಕೂತಾಗಲೇ ಅರ್ಜಿ ಹಾಕಿಬಿಡುತ್ತೇನೆ. ರದ್ದಾದ ದಿನಕ್ಕೆ ರೋಚ್‌ಡೇಲ್‌ವರೆಗೆ ಬಸ್, ಅಲ್ಲಿಂದ ಟ್ರಾಮ್. ಓಲ್ಡಮ್ ಸುತ್ತಿಕೊಂಡು ಹೋಗುವುದರಿಂದ ಟ್ರಾಮಿನಲ್ಲೇ ಹತ್ತಿರ ಹತ್ತಿರ ಒಂದು ಗಂಟೆ. ತಿಂಗಳಿಗೆ ಎಲ್ಲ ಸೇರಿ ರೈಲಿಗೆ 90–100 ಪೌಂಡ್ ಬೀಳುತ್ತದೆ.

ಹಿಂಗೋಡೆಯ ಮೇಲರ್ಧ ಇನ್ನೂ ಸಿಮೆಂಟೇ ಇದೆ. ಹತ್ತಿ ನಿಲ್ಲಲು ಕಟ್ಟುವ ಸ್ಕ್ಯಾಫೋಲ್ಡ್ ಒಂದಕ್ಕೇ 700 ಪೌಂಡ್ ಹೇಳಿದ್ದಾರೆ. ಪಕ್ಕದ ಎರಡು ಮನೆಯವರೂ ಸೇರಿದರೆ ಮೂರು ಪಾಲು ಮಾಡಿ ಏಪ್ರಿಲ್‌ನಲ್ಲಿ ಕಟ್ಟಿಸುವುದೆಂದು ಮಾತಾಗಿದೆ.