ಕೂಸಿನ ಫಿಟ್ಸ್‌ಗೆ ಬಿ6 ಜೀವಸತ್ವ: ಪರೀಕ್ಷಿಸುವ ಕ್ರಮ

ಹುಟ್ಟಿದ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಶುರುವಾದ ಫಿಟ್ಸ್ ಎರಡು ಮೂರು ಔಷಧಿಗಳಿಗೂ ಬಗ್ಗದಿದ್ದರೆ, ಮಕ್ಕಳ ವೈದ್ಯರು ಪಿರಿಡಾಕ್ಸಿನ್, ಅಂದರೆ ಬಿ6 ಜೀವಸತ್ವವನ್ನು ಕೊಟ್ಟು ನೋಡುತ್ತಾರೆ. ಕಾರಣ, ಬಿ6 ಕೊಟ್ಟರಷ್ಟೇ ಹತೋಟಿಗೆ ಬರುವ ಒಂದು ಬಗೆಯ ಅಪಸ್ಮಾರ (ಫಿಟ್ಸ್ ಕಾಯಿಲೆ) ಇದೆ. 1954ರಲ್ಲಿ ಮೊದಲು ವರದಿಯಾದ ಈ ಅಪರೂಪದ ಅಪಸ್ಮಾರದಲ್ಲಿ, ಆಹಾರದ ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಂಶ ಪೂರ್ತಿ ವಿಭಜನೆಯಾಗದೆ ಉಳಿದ ವಸ್ತುವು ಬಿ6ರ ಕ್ರಿಯಾಶೀಲ ರೂಪವನ್ನು ನಿಷ್ಕ್ರಿಯಗೊಳಿಸುವುದರಿಂದ, ನರಕೋಶಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕ ಮಿದುಳಿನಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಎಲ್ಲ ಬಗೆಯ ಅಪಸ್ಮಾರಕ್ಕೂ ಬಿ6 ಮದ್ದಲ್ಲ. ಮೆಡಿಕಲ್ ಅಂಗಡಿಯ ಗುಳಿಗೆ ತಂದು ಮನೆಯಲ್ಲಿ ಪ್ರಯೋಗಿಸಲೇಬಾರದು.

ಮೊದಲ ಕೆಲಸ ಆಸ್ಪತ್ರೆ ತಲುಪುವುದು. ಸಿಂಧನೂರು, ಕುಷ್ಟಗಿ, ಸಿರುಗುಪ್ಪದ ಕಡೆಯವರು ಬಾಲಗ್ರಹವೆಂದು ತಾಯಿತ ಕಟ್ಟಿಸುತ್ತಾ ಹೊತ್ತು ಕಳೆಯದೆ, 108ಕ್ಕೆ ಕರೆ ಮಾಡಿ ರಾಯಚೂರು, ಕೊಪ್ಪಳ ಅಥವಾ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬೇಕು. ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ: ಕಣ್ಣು ಒಂದೇ ಕಡೆ ನೆಟ್ಟಿರುವುದು, ತುಟಿ ಚಪ್ಪರಿಸುವುದು, ಕಾಲು ಸೈಕಲ್ ತುಳಿದಂತೆ ಆಡುವುದು, ಇವೆಲ್ಲ ನವಜಾತ ಶಿಶುವಿನ ಫಿಟ್ಸ್ ಆಗಿರಬಹುದು.

ರಕ್ತದ ಸಕ್ಕರೆ, ಕ್ಯಾಲ್ಸಿಯಂ ಮತ್ತು ಸೋಂಕಿನ ಪರೀಕ್ಷೆಗಳಾದ ಬಳಿಕ ಮುಖ್ಯ ಹಂತ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ತಂತಿಯನ್ನು ತಲೆಗೆ ಜೋಡಿಸಿ, ಸಾಮಾನ್ಯವಾಗಿ 100 ಮಿಲಿಗ್ರಾಂ ಪಿರಿಡಾಕ್ಸಿನ್ ಅನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸ್ಪಂದಿಸುವ ಕೂಸಿಗೆ ಅದೇ ಗಳಿಗೆಯಲ್ಲಿ ಉಸಿರಾಟ ನಿಂತುಬಿಡುವ ಸಾಧ್ಯತೆಯಿದೆ. ತೀವ್ರ ನಿಗಾ ಘಟಕದಲ್ಲೇ, ಕೃತಕ ಉಸಿರಾಟದ ಸಿದ್ಧತೆಯೊಂದಿಗೆ ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿ. ಇಂಜೆಕ್ಷನ್ ಸಿಗದಿದ್ದರೆ ತೂಕಕ್ಕೆ ತಕ್ಕ ಪ್ರಮಾಣವನ್ನು ಬಾಯಿಯ ಮೂಲಕ ಕೆಲವು ದಿನ ಕೊಟ್ಟು ಗಮನಿಸುತ್ತಾರೆ. ಆ ಅವಧಿಯಲ್ಲಿ ಹಳೆಯ ಔಷಧಿಗಳನ್ನು ಪೋಷಕರು ತಾವಾಗಿ ನಿಲ್ಲಿಸಬಾರದು.

ಫಿಟ್ಸ್ ತಕ್ಷಣ ನಿಲ್ಲಲಿಲ್ಲವೆಂದ ಮಾತ್ರಕ್ಕೆ ಈ ಕಾಯಿಲೆ ಇಲ್ಲವೆನ್ನಲಾಗದು, ನಿಂತಿತೆಂದರೆ ಖಚಿತವಾಯಿತೆಂದೂ ಅಲ್ಲ. ಲೈಸಿನ್ ಪೂರ್ತಿ ವಿಭಜನೆಯಾಗದಿದ್ದಾಗ ಸಂಗ್ರಹವಾಗುವ ಎಎಎಸ್‌ಎ ಎಂಬ ವಸ್ತುವಿನ ಪ್ರಮಾಣವನ್ನು ಮೂತ್ರದಲ್ಲಿ ನೋಡಿ, ಈ ಕಾಯಿಲೆಗೆ ಕಾರಣವೆಂದು 2006ರಲ್ಲಿ ಗುರುತಿಸಲಾದ ಎಎಲ್‌ಡಿಎಚ್7ಎ1 ಜೀನನ್ನು ಪರೀಕ್ಷಿಸಿದರೆ ಉತ್ತರ ಗಟ್ಟಿಯಾಗುತ್ತದೆ. ಬಿ6 ಶುರುವಾದ ಮೇಲೂ ಎಎಎಸ್‌ಎ ಹೆಚ್ಚೇ ಇರುವುದರಿಂದ, ಪ್ರಯೋಗಾಲಯದ ವರದಿಗಾಗಿ ಚಿಕಿತ್ಸೆಯನ್ನು ತಡೆಹಿಡಿಯಬೇಕಿಲ್ಲ. ನನ್ನ ಮಟ್ಟಿಗೆ ಪೋಷಕರು ತಿಳಿದಿರಲೇಬೇಕಾದ ಸಂಗತಿ ಇದು.

ಖಚಿತವಾದರೆ ಬಿ6 ಜೀವನಪರ್ಯಂತ ಬೇಕು. ಜ್ವರ ಬಂದಾಗ ಪ್ರಮಾಣ ಹೆಚ್ಚಿಸಬೇಕೇ ಎಂದು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಮಿತಿಮೀರಿದರೆ ಕೈಕಾಲಿನ ನರಗಳಿಗೆ ಹಾನಿಯಾಗುತ್ತದೆ. ತಂದೆತಾಯಿ ಇಬ್ಬರೂ ದೋಷವಿರುವ ಜೀನಿನ ವಾಹಕರಾಗಿದ್ದರೆ (ತಮಗೆ ಕಾಯಿಲೆಯಿಲ್ಲದಿದ್ದರೂ ದೋಷದ ಒಂದು ಪ್ರತಿ ಹೊತ್ತವರು) ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ 25 ಪ್ರತಿಶತ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೇ ಮದುವೆಯಾಗುವ ನಮ್ಮ ಭಾಗದಲ್ಲಿ, ಮುಂದಿನ ಬಸಿರಿಗೆ ಮುನ್ನವೇ ಆನುವಂಶಿಕ ಸಲಹೆ ಪಡೆದು, ಹೆರಿಗೆ ವೈದ್ಯರಿಗೂ ಈ ವರದಿಯನ್ನು ತೋರಿಸಬೇಕು.