ಮಂಡಿನೋವಿನ ಸಪ್ಲಿಮೆಂಟ್: ಆರ್ಡರ್ ಮಾಡುವ ಮುನ್ನ ಡಬ್ಬಿಯ ಬೆನ್ನು ಓದಿ

ಆನ್‌ಲೈನ್‌ನಲ್ಲಿ ‘ಜಾಯಿಂಟ್ ಪೇನ್’ ಎಂದು ಹುಡುಕಿದರೆ ಸಾಲುಸಾಲು ಡಬ್ಬಿಗಳು ಬರುತ್ತವೆ. ಮುಂಬದಿಯಲ್ಲಿ ಹೊಳೆಯುವ ಮಂಡಿಯ ಚಿತ್ರ, ಕೆಳಗೆ ‘ಅಡ್ವಾನ್ಸ್ಡ್ ಫಾರ್ಮುಲಾ’. ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಬೇಕಾದದ್ದೆಲ್ಲ ಇರುವುದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ. ಹಿಂಬದಿ ಲೇಬಲ್ಲಿನ ಸ್ಪಷ್ಟ ಚಿತ್ರವನ್ನೇ ಹಾಕದ ಪುಟವನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಿ.

ಮೊದಲು ನೋವು ಯಾವುದೆಂದು ತಿಳಿಯಲಿ

ಈ ಡಬ್ಬಿಗಳಲ್ಲಿರುವ ವಸ್ತುಗಳ ಮೇಲೆ ಪರೀಕ್ಷೆ ನಡೆದಿರುವುದು ಹೆಚ್ಚಾಗಿ ಮಂಡಿ ಸವೆತದವರಲ್ಲಿ, ಅಂದರೆ ಆಸ್ಟಿಯೋಆರ್ಥ್ರೈಟಿಸ್ ಇರುವವರಲ್ಲಿ. ಸವೆತದಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಮೆಟ್ಟಿಲು ಹತ್ತಿಳಿದರೆ, ಕುಕ್ಕರಗಾಲಲ್ಲಿ ಕೂತರೆ ನೋವು ಜಾಸ್ತಿ. ಬಿಗಿತ ಗಂಟೆಗಟ್ಟಲೆ ಉಳಿದು ಎರಡೂ ಕೈಗಳ ಬೆರಳಗಿಣ್ಣು ಊದಿಕೊಂಡರೆ ಅದು ರುಮಟಾಯ್ಡ್ ಇರಬಹುದು, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುವ ಸಂಧಿವಾತ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿದರೆ ಯೂರಿಕ್ ಆ್ಯಸಿಡ್ ಪರೀಕ್ಷೆ ಬೇಕು. ಜ್ವರದ ಜೊತೆ ಒಂದೇ ಕೀಲು ಬಿಸಿಯಾಗಿ ಊದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಚಿಕೂನ್‌ಗುನ್ಯ ಬಂದುಹೋದ ಮೇಲೆ ತಿಂಗಳುಗಟ್ಟಲೆ ಉಳಿಯುವ ನೋವಿಗೂ ವೈದ್ಯರ ಸಲಹೆಯೇ ಮೊದಲು. ರುಮಟಾಯ್ಡ್‌ಗೆ ಈ ಡಬ್ಬಿಗಳ ಮಾಮೂಲಿ ವಸ್ತುವಾದ ಗ್ಲುಕೋಸಮೈನ್ ನುಂಗುತ್ತಾ ಆರು ತಿಂಗಳು ಕಳೆದರೆ ಹಣಕ್ಕಿಂತ ದೊಡ್ಡ ನಷ್ಟ ಕೀಲಿಗೆ. ಅಷ್ಟರಲ್ಲಿ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ.

ಪರವಾನಗಿ ಸಂಖ್ಯೆ

ಸಪ್ಲಿಮೆಂಟ್ ನಮ್ಮ ಕಾನೂನಿನಲ್ಲಿ ಆಹಾರ, ಔಷಧವಲ್ಲ. ಹಾಗಾಗಿ ಲೇಬಲ್ ಮೇಲೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಇರಬೇಕು. 100ರಿಂದ ಶುರುವಾದರೆ ಕೇಂದ್ರದ ಪರವಾನಗಿ, 112 ಎಂದಿದ್ದರೆ ಕರ್ನಾಟಕದ್ದು. ಆ ಸಂಖ್ಯೆಯನ್ನು ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿ. ಕಂಪನಿಯ ಹೆಸರು, ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಮಾರುವವರು ಒಬ್ಬರು, ತಯಾರಿಸುವವರು ಇನ್ನೊಬ್ಬರು ಆಗಿರುವುದು ಮಾಮೂಲು. ತಯಾರಕರ ಸಂಖ್ಯೆಯನ್ನೂ ನೋಡಿ. ಇಷ್ಟಾದರೂ ಪರವಾನಗಿ ಹೇಳುವುದು ಕಂಪನಿಗೆ ಅನುಮತಿ ಇದೆ ಎಂದಷ್ಟೇ. ಮಾತ್ರೆ ಕೆಲಸ ಮಾಡುತ್ತದೆ ಎಂದಲ್ಲ.

ಆಯುರ್ವೇದದ ಗುಗ್ಗುಲು, ಶಲ್ಲಕಿ ಮಾತ್ರೆಗಳಿಗೆ ಬೇರೆ ದಾರಿ. ಔಷಧವೆಂದು ಮಾರುವಾಗ ಅವುಗಳ ಮೇಲೆ ಔಷಧ ತಯಾರಿಕಾ ಪರವಾನಗಿ ಸಂಖ್ಯೆ ಇರಬೇಕು. ಇಲ್ಲೊಂದು ಎಚ್ಚರ: ಭಸ್ಮ (ಲೋಹ, ಖನಿಜ ಸುಟ್ಟು ಮಾಡಿದ ಪುಡಿ) ಸೇರಿದ ಔಷಧಗಳನ್ನು ವೈದ್ಯರ ನಿಗಾ ಇಲ್ಲದೆ ತರಿಸಬೇಡಿ. ಯೋಗರಾಜ ಗುಗ್ಗುಲು ಮತ್ತು ಮಹಾಯೋಗರಾಜ ಗುಗ್ಗುಲು ಹೆಸರಲ್ಲಿ ಹತ್ತಿರ, ಆದರೆ ಎರಡನೆಯದಕ್ಕೆ ಸೀಸದ ನಾಗಭಸ್ಮವೂ ಸೇರುತ್ತದೆ. ಇಂಟರ್‌ನೆಟ್ ಮೂಲಕವೇ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಅಮೆರಿಕದಿಂದ ಮಗನೋ ಮಗಳೋ ತಂದ ದೊಡ್ಡ ಡಬ್ಬಿಯ ಮೇಲೆ ಇಷ್ಟು ಪರೀಕ್ಷೆ ಯಾಕೆ ಎನಿಸಬಹುದು. ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸಪ್ಲಿಮೆಂಟ್‌ಗಳನ್ನು ಮಾರಾಟಕ್ಕೆ ಮುನ್ನ ಪರೀಕ್ಷಿಸಿ ಒಪ್ಪಿಗೆ ಕೊಡುವ ಪದ್ಧತಿಯೇ ಇಲ್ಲ. ‘ಎಫ್‌ಡಿಎ ಅಪ್ರೂವ್ಡ್’ ಎಂದು ಬರೆದಿದ್ದರೆ ಅದು ಸುಳ್ಳು. ಬದಲಿಗೆ ಯುಎಸ್‌ಪಿ ಅಥವಾ ಎನ್‌ಎಸ್‌ಎಫ್ ಮುದ್ರೆ ಹುಡುಕಿ. ಲೇಬಲ್ಲಿನಲ್ಲಿ ಬರೆದದ್ದೇ ಒಳಗಿದೆ ಎಂಬುದಕ್ಕೆ ಅದು ಹೊರಗಿನವರ ಸಾಕ್ಷಿ.

ಮಾತಿಗೂ ಮುದ್ರಣಕ್ಕೂ ತಾಳೆ

ಮುಂಬದಿಯಲ್ಲಿ ‘ಸವೆದ ಮೃದ್ವಸ್ಥಿ (ಕೀಲಿನ ಮೂಳೆತುದಿಯ ಮೆತ್ತನೆಯ ಪದರ) ಮತ್ತೆ ಬೆಳೆಯುತ್ತದೆ’, ಹಿಂಬದಿಯಲ್ಲಿ ‘ನಾಟ್ ಫಾರ್ ಮೆಡಿಸಿನಲ್ ಯೂಸ್’. ಹಿಂಬದಿಯದ್ದು ಕಾನೂನು ಬರೆಸಿದ ಮಾತು, ಅದನ್ನೇ ನಂಬಿ. ಕಾಯಿಲೆ ಗುಣಪಡಿಸುತ್ತೇವೆಂದು ಸಪ್ಲಿಮೆಂಟ್ ಹೇಳುವಂತಿಲ್ಲ. ‘ಆಪರೇಷನ್ ಬೇಡ’, ‘ಏಳು ದಿನದಲ್ಲಿ ಖಚಿತ’ ಎನ್ನುವವರು ಡಬ್ಬಿಯೊಳಗಿನ ವಿಷಯದಲ್ಲೂ ಇಷ್ಟೇ ಪ್ರಾಮಾಣಿಕರೆಂದು ತಿಳಿದುಕೊಳ್ಳಿ.

ಮಿಲಿಗ್ರಾಂ ಲೆಕ್ಕ

ಹೆಚ್ಚಿನವರು ಮೋಸಹೋಗುವುದು ಇಲ್ಲಿ. ಮೊದಲು ‘ಸರ್ವಿಂಗ್ ಸೈಜ್’ ನೋಡಿ. ಮುಂಬದಿಯ 1500 ಮಿ.ಗ್ರಾಂ ಒಂದು ಮಾತ್ರೆಯದ್ದಾಗಿರದೆ ಮೂರು ಮಾತ್ರೆಗಳ ಮೊತ್ತವಾಗಿರಬಹುದು. ಆಮೇಲೆ ಒಂದೊಂದೇ ವಸ್ತು.

ಗ್ಲುಕೋಸಮೈನ್: ಅಧ್ಯಯನಗಳಲ್ಲಿ ಬಳಸಿದ ಪ್ರಮಾಣ ದಿನಕ್ಕೆ 1500 ಮಿ.ಗ್ರಾಂ. ಸಲ್ಫೇಟ್ ರೂಪ ಕೆಡದಿರಲು ಅದಕ್ಕೆ ಉಪ್ಪು ಬೆರೆಸಿರುತ್ತಾರೆ. ಲೇಬಲ್ಲಿನಲ್ಲಿ ‘ಗ್ಲುಕೋಸಮೈನ್ ಸಲ್ಫೇಟ್ ಪೊಟ್ಯಾಸಿಯಂ ಕ್ಲೋರೈಡ್ 1500 ಮಿ.ಗ್ರಾಂ’ ಎಂದಿದ್ದರೆ ಅದರ ಕಾಲುಭಾಗ ಉಪ್ಪೇ. ನಿಜವಾದ ಸಲ್ಫೇಟ್ ಸುಮಾರು 1130 ಮಿ.ಗ್ರಾಂ ಮಾತ್ರ. ಕಿಡ್ನಿ ತೊಂದರೆಯವರಿಗೆ ಪೊಟ್ಯಾಸಿಯಂ, ಬಿ.ಪಿ.ಯವರಿಗೆ ಸೋಡಿಯಂ ಕೂಡ ಲೆಕ್ಕಕ್ಕೆ ಬರುತ್ತದೆ. ಜೊತೆಗಿರುವ ಕಾಂಡ್ರಾಯ್ಟಿನ್ ದಿನಕ್ಕೆ 800ರಿಂದ 1200 ಮಿ.ಗ್ರಾಂ ಇರಬೇಕು. ಅದು ದುಬಾರಿ ವಸ್ತು, ಆದ್ದರಿಂದ ಹೆಸರಿಗೆ 100 ಮಿ.ಗ್ರಾಂ ಉದುರಿಸಿರುವ ಡಬ್ಬಿಗಳೂ ಉಂಟು.

ಅರಿಸಿನ: ‘ಟರ್ಮರಿಕ್ 500 ಮಿ.ಗ್ರಾಂ’ ಅಂದರೆ ಬರೀ ಪುಡಿ. ಅರಿಸಿನದಲ್ಲಿ ಅದರ ಹಳದಿ ಸತ್ವವಾದ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಪಾಲು, ಎಂದರೆ ಕ್ಯಾಪ್ಸೂಲ್‌ಗೆ 15 ಮಿ.ಗ್ರಾಂ. ಇಷ್ಟಕ್ಕೆ ಅಡುಗೆಮನೆಯ ಸಾಂಬಾರ ಡಬ್ಬಿಯೇ ಅಗ್ಗ. ‘ಎಕ್ಸ್‌ಟ್ರಾಕ್ಟ್, 95% ಕರ್ಕ್ಯುಮಿನಾಯ್ಡ್ಸ್’ ಎಂದಿದ್ದರೆ ಮಾತ್ರ 500ಕ್ಕೆ 475 ಸಿಗುತ್ತದೆ. ಅದು ರಕ್ತಕ್ಕೆ ಸೇರಲಿ ಎಂದು ಕಾಳುಮೆಣಸಿನ ಪೈಪರಿನ್ ಬೆರೆಸುತ್ತಾರೆ. ಇದೇ ಕಾರಣಕ್ಕೆ ಇಂಥ ಮಾತ್ರೆ ಊಟದ ಅರಿಸಿನದಷ್ಟು ನಿರಪಾಯವಲ್ಲ: ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಇಟಲಿ, ಅಮೆರಿಕ ಎರಡೂ ಕಡೆ ದಾಖಲಾಗಿವೆ. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿ.

ಕೊಲಾಜನ್: ‘ಅನ್‌ಡಿನೇಚರ್ಡ್ ಟೈಪ್ 2’ ಆದರೆ 40 ಮಿ.ಗ್ರಾಂ ಸಾಕು. ನೀರಿಗೆ ಬೆರೆಸುವ ಪುಡಿ ರೂಪದ್ದಾದರೆ ಅಳತೆ ಗ್ರಾಂಗಳಲ್ಲಿ, 5ರಿಂದ 10. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಚ್ಚಬೇಡಿ. ಮೀನೆಣ್ಣೆ: 1000 ಮಿ.ಗ್ರಾಂ ಕ್ಯಾಪ್ಸೂಲ್‌ನಲ್ಲಿ ಒಮೆಗಾ-3 ಕೊಬ್ಬುಗಳಾದ ಇಪಿಎ 180, ಡಿಎಚ್‌ಎ 120 ಇರುವುದು ಸಾಮಾನ್ಯ. ಎಣಿಸಬೇಕಾದ್ದು ಆ 300 ಅನ್ನು, ಸಾವಿರವನ್ನಲ್ಲ. ಹತ್ತು ವಸ್ತುಗಳನ್ನು ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಒಂದೇ ಸಾಲಲ್ಲಿ ಕಟ್ಟಿ, ಯಾವುದು ಎಷ್ಟೆಂದು ಹೇಳದಿದ್ದರೆ ಕೊಳ್ಳಬೇಡಿ.

ಸಸ್ಯಾಹಾರಿಗಳು ಬಣ್ಣದ ಗುರುತನ್ನೂ ನೋಡಬೇಕು. ಗ್ಲುಕೋಸಮೈನ್ ಬಹುಪಾಲು ಸಿಗಡಿ, ಏಡಿಯ ಚಿಪ್ಪಿನಿಂದ ಬರುತ್ತದೆ. ಕಾಂಡ್ರಾಯ್ಟಿನ್ ದನ, ಹಂದಿ ಅಥವಾ ಶಾರ್ಕಿನ ಮೃದ್ವಸ್ಥಿಯಿಂದ. ಜೆಲಟಿನ್ ಕ್ಯಾಪ್ಸೂಲ್ ಪ್ರಾಣಿಗಳ ಮೂಳೆ, ಚರ್ಮದಿಂದ. ಹುದುಗು ಬರಿಸಿ ತಯಾರಿಸಿದ ಗ್ಲುಕೋಸಮೈನ್ ಇದೆ, ಅದಕ್ಕೆ ಹಸಿರು ಚುಕ್ಕೆ ಇರುತ್ತದೆ. ‘ವೆಜ್ ಕೊಲಾಜನ್’ ಎಂಬ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಕೊಲಾಜನ್ ಇರುವುದೇ ಇಲ್ಲ, ವಿಟಮಿನ್ ಸಿ ಮತ್ತು ಅಮೈನೋ ಆಮ್ಲಗಳಿರುತ್ತವೆ.

ದಿನದ ಖರ್ಚು

ಡಬ್ಬಿಯ ಬೆಲೆ ನೋಡಬೇಡಿ. 60 ಮಾತ್ರೆಯ ಡಬ್ಬಿಗೆ ₹900, ದಿನಕ್ಕೆ ಮೂರು ಎಂದಾದರೆ 20 ದಿನಕ್ಕೇ ಖಾಲಿ: ದಿನಕ್ಕೆ ₹45, ಮೂರು ತಿಂಗಳಿಗೆ ₹4,050. ₹1,500ರ ಡಬ್ಬಿಯಲ್ಲಿ ದಿನಕ್ಕೊಂದರಂತೆ 60 ಮಾತ್ರೆ ಇದ್ದರೆ ದಿನಕ್ಕೆ ₹25 ಬೀಳುತ್ತದೆ.

ಐದು ನಕ್ಷತ್ರದ ವಿಮರ್ಶೆಗಳು

ಅಮೆರಿಕದಲ್ಲಿ 1,583 ಮಂಡಿ ಸವೆತದವರ ಮೇಲೆ ನಡೆದ ಗೇಟ್ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ನೂರಕ್ಕೆ 60 ಮಂದಿಗೆ ನೋವು ಕನಿಷ್ಠ ಐದನೇ ಒಂದು ಪಾಲು ತಗ್ಗಿತ್ತು. ಒಟ್ಟಾರೆ ಗುಂಪಿನಲ್ಲಿ ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಅದನ್ನು ಖಚಿತವಾಗಿ ಮೀರಿಸಲಿಲ್ಲ. ಮಧ್ಯಮದಿಂದ ತೀವ್ರ ನೋವಿದ್ದ ಸಣ್ಣ ಗುಂಪಿನಲ್ಲಿ ಮಾತ್ರ ಎರಡೂ ಸೇರಿದಾಗ ಗುಣ ಕಂಡಿತ್ತು. ಅಮೆರಿಕದ ಸಂಧಿರೋಗ ತಜ್ಞರ ಸಂಘ 2019ರಲ್ಲಿ ಮಂಡಿಗೆ ಗ್ಲುಕೋಸಮೈನ್ ಬೇಡವೆಂದೇ ಹೇಳಿತು. ಯುರೋಪಿನ ಕೆಲವು ತಜ್ಞರು ಸಲ್ಫೇಟ್ ರೂಪದ ಪರವಾಗಿದ್ದಾರೆ. ಹೀಗಿರುವಾಗ ‘ನನಗೆ ಗುಣವಾಯಿತು’ ಎಂದು ಬರೆದವರು ಸುಳ್ಳು ಹೇಳುತ್ತಿಲ್ಲ, ಆದರೆ ಅದು ಮಾತ್ರೆಗೆ ಪುರಾವೆಯೂ ಅಲ್ಲ. ಡಬ್ಬಿ ತಲುಪಿದ ವಾರದೊಳಗೆ ಬರೆದ ಹೊಗಳಿಕೆಯನ್ನು ಪಕ್ಕಕ್ಕಿಡಿ. ಒಂದು, ಎರಡು ನಕ್ಷತ್ರದವನ್ನು ಓದಿ: ಸೀಲ್ ಒಡೆದಿತ್ತು, ಅವಧಿ ಮುಗಿಯುತ್ತಿತ್ತು, ಹೊಟ್ಟೆ ಕೆಟ್ಟಿತು ಎಂಬ ಉಪಯುಕ್ತ ಸಂಗತಿ ಅಲ್ಲಿರುತ್ತದೆ.

ಇನ್ನು, ಎರಡೇ ದಿನದಲ್ಲಿ ನೋವು ಮಾಯವಾಯಿತು ಎಂದು ಹಲವರು ಬರೆದಿದ್ದರೆ ಅದು ಹೆದರಬೇಕಾದ ವಿಷಯ. 2022ರಲ್ಲಿ ‘ಆರ್ಟ್ರಿ ಕಿಂಗ್’ ಹೆಸರಿನ ಸಪ್ಲಿಮೆಂಟ್‌ನಲ್ಲಿ ಲೇಬಲ್ಲಿನಲ್ಲಿಲ್ಲದ ನೋವುನಿವಾರಕ ಡೈಕ್ಲೋಫೆನಾಕ್ ಮತ್ತು ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್ ಇರುವುದನ್ನು ಎಫ್‌ಡಿಎ ಪತ್ತೆಹಚ್ಚಿ ಎಚ್ಚರಿಕೆ ಕೊಟ್ಟಿತು. ಇಂಥದ್ದನ್ನು ತಿಂದರೆ ಹಸಿವು ಹೆಚ್ಚುತ್ತದೆ, ಮುಖ ಊದುತ್ತದೆ, ಶುಗರ್ ಏರುತ್ತದೆ. ಅನುಮಾನ ಬಂದರೆ ವಾರಗಟ್ಟಲೆ ತಿಂದದ್ದನ್ನು ಒಮ್ಮೆಲೇ ನಿಲ್ಲಿಸಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ದೇಹ ತನ್ನದನ್ನು ತಯಾರಿಸುವುದು ಕಡಿಮೆ ಮಾಡಿರುತ್ತದೆ. ದಿಢೀರ್ ನಿಲ್ಲಿಸಿದರೆ ಬಿ.ಪಿ. ಕುಸಿದು ಪ್ರಾಣಾಪಾಯವಾಗಬಹುದು. ಡಬ್ಬಿಯ ಸಮೇತ ಅಂದೇ ವೈದ್ಯರ ಬಳಿ ಹೋಗಿ.

ಬೇರೆ ಮಾತ್ರೆಗಳ ಜೊತೆ

ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿಟ್ರಾಮ್ ತೆಗೆದುಕೊಳ್ಳುವವರಿಗೆ ಗ್ಲುಕೋಸಮೈನ್, ಕರ್ಕ್ಯುಮಿನ್ ಎರಡರಿಂದಲೂ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಸಕ್ಕರೆ ಕಾಯಿಲೆಯವರು ಶುರುವಿನ ವಾರಗಳಲ್ಲಿ ಶುಗರ್ ಪರೀಕ್ಷಿಸುತ್ತಿರಬೇಕು. ಸಿಗಡಿ, ಏಡಿ ಅಲರ್ಜಿ ಇದ್ದವರು ಚಿಪ್ಪಿನ ಗ್ಲುಕೋಸಮೈನ್‌ನಿಂದ ದೂರವಿರಲಿ.

ಡಬ್ಬಿ ಬಂದ ಮೇಲೆ

ಆನ್‌ಲೈನ್‌ನಲ್ಲಿ ತರಿಸಿದ ಆಹಾರವಸ್ತು ಕೈ ಸೇರುವಾಗ ಅದರ ಬಾಳಿಕೆಯ ಶೇ 30 ಅಥವಾ 45 ದಿನ ಉಳಿದಿರಬೇಕೆಂಬ ನಿಯಮವಿದೆ. ಸೀಲ್, ಬ್ಯಾಚ್ ಸಂಖ್ಯೆ, ದಿನಾಂಕ ಕಾಣುವಂತೆ ಫೋಟೊ ತೆಗೆದಿಟ್ಟು ಆಮೇಲೆ ತೆರೆಯಿರಿ. ತಕರಾರಿದ್ದರೆ ಗ್ರಾಹಕ ಸಹಾಯವಾಣಿ 1915.

ಒಮ್ಮೆಗೆ ಒಂದೇ ಸಪ್ಲಿಮೆಂಟ್ ಶುರುಮಾಡಿ. ಎರಡು ಸೇರಿಸಿದರೆ ಗುಣ ಯಾವುದರದ್ದು, ಹೊಟ್ಟೆಯುರಿ ಯಾವುದರದ್ದು ತಿಳಿಯದು. ಶುರುವಿನ ದಿನವೇ ಮೆಟ್ಟಿಲು ಹತ್ತುವಾಗಿನ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಟ್ಟು ಕ್ಯಾಲೆಂಡರ್ ಮೇಲೆ ಬರೆಯಿರಿ, ವಾರಕ್ಕೊಮ್ಮೆ ಮುಂದುವರಿಸಿ. ಈ ಅವಧಿಯಲ್ಲಿ ತೊಡೆಯ ಸ್ನಾಯುವಿನ ವ್ಯಾಯಾಮ ಬಿಡಬೇಡಿ; ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ಹನ್ನೆರಡು ವಾರಕ್ಕೆ ಅಂಕ ಎರಡಾದರೂ ಇಳಿಯದಿದ್ದರೆ ಮುಂದಿನ ಡಬ್ಬಿ ತರಿಸಬೇಡಿ. ‘ಸಬ್‌ಸ್ಕ್ರೈಬ್’ ಆಯ್ಕೆ ಒತ್ತಿದ್ದರೆ ಅದನ್ನೂ ರದ್ದುಮಾಡಿ.